ಸಂಪಾದಕರ ಉತ್ತರ: ಗ್ಯಾಸ್ಟ್ರಿಕ್‌ಗೆ ಕೂದಲು ಉದುರುತ್ತಾ?

ಕಳೆದ ಸಂಚಿಕೆಯ ಸಿನಿಮಾ ಅಂಕಣ ಓದಿ ಮಂಡ್ಯದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: 'ಬ್ಲ್ಯಾಕ್‌ಬರ್ಡ್' ಸಿನಿಮಾವನ್ನು ಯಾಕೆ ಅಷ್ಟು ಹೊಗಳಿದಿರಿ? ಸಾಯುತ್ತಿರುವ ತಾಯಿಯ ಎದುರು ಹೆಣ್ಣುಮಕ್ಕಳು ಹಾಗೆ ಕಿತ್ತಾಡ್ತಾರಾ? ಹೆಂಡತಿಯ ಸಾವಿಗೆ ಗಂಡನೇ ಔಷಧಿ ಹೊಂದಿಸುವ ಕಥೆ ನಮಗೆ ಯಾಕೆ? ನಮ್ಮಮ್ಮ ಹೋದ ವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡರು. ನಾವು ಮೂವರು ಅಕ್ಕತಂಗಿಯರು ಕೊನೆವರೆಗೂ ಅವರಿಗೆ ಕಾಯಿಲೆಯ ಹೆಸರೇ ತಿಳಿಯದ ಹಾಗೆ ನೋಡಿಕೊಂಡೆವು. ಒಬ್ಬರೂ ದನಿ ಎತ್ತಲಿಲ್ಲ.

ನಮಸ್ಕಾರ ಮೇಡಂ.

ಮೊದಲು ಜಗಳದ ಮಾತು. ಆಡ್ತಾರೆ ಮೇಡಂ. ಮೈಸೂರಿನ ಯಾವುದೇ ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಅರ್ಧ ಗಂಟೆ ಕೂತರೆ ಸಾಕು, ಫೋನಿನಲ್ಲಿ ನಡೆಯುವ ಈ ಜಗಳ ಕಿವಿಗೆ ಬೀಳುತ್ತದೆ. ದೂರದಲ್ಲಿರುವ ಮಗಳು, 'ಬೆಂಗಳೂರಿಗೆ ಕರ್ಕೊಂಡು ಬಾ, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ' ಅನ್ನುತ್ತಾಳೆ. ಹತ್ತಿರ ಇರುವವಳು, 'ನೀನು ಬಂದು ಒಂದು ರಾತ್ರಿ ಇರು, ಆಮೇಲೆ ಮಾತಾಡು' ಅನ್ನುತ್ತಾಳೆ. ಬೆನ್ನಿಗೆ ಹುಣ್ಣಾಗಬಾರದು ಅಂತ ಎರಡೆರಡು ಗಂಟೆಗೊಮ್ಮೆ ಅಮ್ಮನನ್ನು ಮಗ್ಗುಲು ಹೊರಳಿಸುವವಳು, ಒದ್ದೆ ಹತ್ತಿಯಲ್ಲಿ ತುಟಿ ಒರೆಸುವವಳು ಅವಳೇ ತಾನೇ? ಇಬ್ಬರಿಗೂ ಅಮ್ಮನ ಮೇಲೆ ಪ್ರೀತಿ ಇದೆ. ಒಬ್ಬಳಿಗೆ ಸುಸ್ತಾಗಿದೆ, ಇನ್ನೊಬ್ಬಳಿಗೆ ಭಯವಾಗಿದೆ, ಅಷ್ಟೇ.

ಸಿನಿಮಾದಲ್ಲೂ ಹೀಗೆಯೇ. ನೋಡದವರಿಗಾಗಿ ಎರಡು ಮಾತು: 2014ರ ಡ್ಯಾನಿಶ್ ಸಿನಿಮಾ 'ಸೈಲೆಂಟ್ ಹಾರ್ಟ್' ಅನ್ನು ಆಧರಿಸಿ ರೋಜರ್ ಮಿಚೆಲ್ 2019ರಲ್ಲಿ ಮಾಡಿದ ಸಿನಿಮಾ ಇದು. ತಾಯಿ ಲಿಲಿಗೆ (ಸೂಸನ್ ಸರಂಡನ್) ಎಎಲ್‌ಎಸ್ ಅನ್ನುವ ನರಗಳ ಕಾಯಿಲೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್‌ಗೆ ಇದ್ದ ಕಾಯಿಲೆಯೇ. ಕೈಕಾಲು ಒಂದೊಂದಾಗಿ ಸ್ವಾಧೀನ ತಪ್ಪುತ್ತವೆ, ಆಮೇಲೆ ನುಂಗುವುದು, ಉಸಿರಾಡುವುದು ಕಷ್ಟವಾಗುತ್ತದೆ. ಅಲ್ಲಿಗೆ ಮುಟ್ಟುವ ಮೊದಲೇ ಹೋಗಬೇಕು ಅಂತ ಆಕೆ ತೀರ್ಮಾನಿಸಿ ಮನೆಯವರನ್ನೆಲ್ಲ ಕರೆಸುತ್ತಾಳೆ. ಕ್ರಿಸ್‌ಮಸ್ ದೂರವಿದ್ದರೂ ಎಲ್ಲರೂ ಸೇರಿ ಕ್ರಿಸ್‌ಮಸ್ ಊಟ ಮಾಡುತ್ತಾರೆ. ದೊಡ್ಡವಳು (ಕೇಟ್ ವಿನ್ಸ್ಲೆಟ್) ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸುವವಳು. ಚಿಕ್ಕವಳು (ಮಿಯಾ ವಾಸಿಕೋವ್ಸ್ಕಾ) ತನ್ನದೇ ಸಂಕಟಗಳನ್ನು ಹೊತ್ತು ಬಂದವಳು, ಅಮ್ಮನನ್ನು ಕಳಿಸಿಕೊಡಲು ತಯಾರಿಲ್ಲ. ಇನ್ನೂ ಸ್ವಲ್ಪ ದಿನ ಅಮ್ಮ ಬೇಕು ಅನ್ನುವುದೇ ಅವಳ ಜಗಳದ ಒಳಗಿರುವುದು. ಇದನ್ನು ನಾನು ಅಗೌರವ ಅನ್ನಲಾರೆ.

ಈಗ ನಿಮ್ಮ ಪತ್ರದ ಮೂರನೇ ಪುಟ. ನಾನು ಮತ್ತೆ ಮತ್ತೆ ಓದಿದ್ದು ಅದನ್ನೇ. ಆಸ್ಪತ್ರೆ ಫೈಲನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದಿರಿ. ನೋಡಲು ಬಂದ ನೆಂಟರಿಗೆ ಬಾಗಿಲಲ್ಲೇ 'ಗ್ಯಾಸ್ಟ್ರಿಕ್ ಅಂತ ಹೇಳಿದೀವಿ, ಬಾಯಿ ಬಿಡಬೇಡಿ' ಅಂದಿದ್ದಿರಿ. ಒಂದು ದಿನ ನೀವು ತಲೆ ಬಾಚುವಾಗ ಬಾಚಣಿಗೆ ತುಂಬ ಬಂದ ಕೂದಲನ್ನು ಅಮ್ಮ ಕೈಯಲ್ಲಿ ಹಿಡಿದು, 'ಗ್ಯಾಸ್ಟ್ರಿಕ್‌ಗೆ ಕೂದಲು ಉದುರುತ್ತಾ?' ಅಂದರು. ನೀವು 'ಮಾತ್ರೆ ಹೀಟು ಅಮ್ಮ' ಅಂದಿರಿ. ನಿಮ್ಮ ಕೊನೆಯ ತಂಗಿ ಎದ್ದು ಅಡುಗೆಮನೆಗೆ ಹೋದರು. ವರ್ಷದ ತಿಥಿಗೂ ಅವರು ಬರಲಿಲ್ಲ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ ಅಂತ ಬರೆದಿದ್ದೀರಿ.

ಆ ತಂಗಿಯ ಮನಸ್ಸಿನಲ್ಲಿ ಏನಿದೆ ಅಂತ ಹೇಳಲು ನಾನ್ಯಾರು? ಆದರೆ ನಿಮ್ಮ ಮನೆಯಲ್ಲಿ ಜಗಳವೇ ಇರಲಿಲ್ಲ ಅನ್ನುವುದನ್ನು ನಂಬುವುದು ಕಷ್ಟ. ದನಿ ಎತ್ತಲಿಲ್ಲ, ನಿಜ. ಅಮ್ಮನಿಗೆ ಹೇಳೋಣ ಅಂತ ಅವರಿಗೆ ಅನ್ನಿಸಿದ್ದಿರಬಹುದು, ಕೇಳುವವರು ಇರಲಿಲ್ಲವೇನೋ. ಸಿನಿಮಾದ ಲಿಲಿ ಮಕ್ಕಳ ಜಗಳದ ನಡುವೆಯೇ ಕೂತಿದ್ದಾಳೆ. ಬೈಯುತ್ತಾಳೆ, ನಗುತ್ತಾಳೆ, ತನಗೇನು ಬೇಕು ಅಂತ ಬಾಯಿಬಿಟ್ಟು ಹೇಳುತ್ತಾಳೆ. ನಮ್ಮಲ್ಲಿ ಅಮ್ಮನ ವಿಷಯಕ್ಕೆ ಎಲ್ಲರೂ ಸೇರುತ್ತಾರೆ, ಅಳಿಯಂದಿರೂ ಸೇರುತ್ತಾರೆ, ಅಮ್ಮ ಒಬ್ಬಳನ್ನು ಬಿಟ್ಟು. ಆಮೇಲೆ ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಲ್ಲಿ ನರ್ಸ್ ಫಾರ್ಮ್ ಹಿಡಿದು, 'ವೆಂಟಿಲೇಟರ್ ಹಾಕೋದಾ?' ಅಂತ ಕೇಳಿದಾಗ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. ಗೊತ್ತಿದ್ದವರನ್ನು ಕೇಳಿರಲಿಲ್ಲ.

ಔಷಧಿಯ ವಿಷಯದಲ್ಲಿ ನಿಮ್ಮ ಆತಂಕ ಸರಿ. ಸಿನಿಮಾದ ಗಂಡ ಮಾಡುವ ಕೆಲಸ ನಮ್ಮ ದೇಶದಲ್ಲಿ ಅಪರಾಧ. ಅದನ್ನು ಅಂಕಣ ಎಲ್ಲೂ ಸಮರ್ಥಿಸಿಲ್ಲ. ನಮ್ಮ ಕಾನೂನು ಒಪ್ಪುವುದು ಬೇರೆಯದನ್ನು. ಗುಣವಾಗುವ ದಾರಿಯೇ ಇಲ್ಲದಾಗ, ಸುಮ್ನೆ ಜೀವ ಎಳೆಯುವ ಚಿಕಿತ್ಸೆ ಬೇಡ ಅನ್ನುವ ಹಕ್ಕು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿ, 'ಲಿವಿಂಗ್ ವಿಲ್', ಅಂದರೆ ಅಂಥ ಚಿಕಿತ್ಸೆ ಬೇಡ ಅನ್ನುವ ಪತ್ರವನ್ನು ಮೊದಲೇ ಬರೆದಿಡಬಹುದು ಎಂದಿತು. 2023ರಲ್ಲಿ ನಿಯಮ ಸಡಿಲವಾಯಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಚಿಕಿತ್ಸೆ ನಿಲ್ಲಿಸುವುದೂ ಮನೆಯವರು ಹೇಳಿದ ಕೂಡಲೇ ಆಗುವ ಕೆಲಸವಲ್ಲ. ಡಾಕ್ಟರುಗಳ ಎರಡು ಮಂಡಳಿಗಳು ನೋಡಿ ಒಪ್ಪಬೇಕು.

ಇನ್ನು ಸಿನಿಮಾದ ಬಗ್ಗೆ ನನ್ನದೂ ಒಂದು ತಕರಾರಿದೆ, ಅಂಕಣಕಾರರು ಬರೆಯದೆ ಬಿಟ್ಟಿದ್ದು. ಕಡಲ ದಂಡೆಯ ಚಂದದ ಮನೆ, ಒಳ್ಳೆ ವೈನು, ಒಂದು ವಾರಾಂತ್ಯದೊಳಗೆ ಎಲ್ಲ ಮುಗಿಯುತ್ತದೆ. ಡೈಪರ್ ಇಲ್ಲ, ಬಿಲ್ಲಿಲ್ಲ, ರಜೆ ಮುಗಿಯಿತು ಅನ್ನುವ ಚಿಂತೆ ಇಲ್ಲ. ನಮ್ಮ ಮನೆಗಳಲ್ಲಿ ಇದು ತಿಂಗಳುಗಟ್ಟಲೆ ನಡೆಯುತ್ತೆ. ನೋವು ಕಡಿಮೆ ಮಾಡಿ ಮನೆಯಲ್ಲೇ ಆರೈಕೆ ಮಾಡುವ ದಾರಿ ಇದೆ ಅನ್ನುವುದೇ ಸಿನಿಮಾದಲ್ಲಿ ಬಹಳ ಬೇಗ ಮರೆಯಾಗುತ್ತದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಇಂಥ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್ ನಡೆಸುತ್ತಾರೆ. ಕೈಬಿಟ್ಟ ಹಂತದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಹಣ ತಗೊಳ್ಳದೆ ನೋಡಿಕೊಳ್ಳುತ್ತದೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಅದು ಸಿಗುವುದನ್ನು ಸುಲಭ ಮಾಡಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆ ತಿದ್ದಿದರು. ಚಟ ಹತ್ತುತ್ತೆ ಅಂತ ಹೆದರಿ ಎಷ್ಟೋ ಮನೆಗಳಲ್ಲಿ ಈಗಲೂ ಬೇಡ ಅನ್ನುತ್ತಾರೆ. ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ.

ಕೊನೆಯಲ್ಲಿ, ಲಿವಿಂಗ್ ವಿಲ್ ಬಗ್ಗೆ ನಿಮಗಾಗಿಯೇ ಕೇಳಿದ್ದೀರಿ: 'ನಾನೂ ಬರೆದಿಡಬಹುದಾ? ಲಾಯರ್ ಬೇಕಾ?' ಲಾಯರ್ ಬೇಕೇಬೇಕು ಅಂತಿಲ್ಲ. ಹದಿನೆಂಟು ದಾಟಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಿ. ಮುಂದೆ ನಿಮ್ಮ ಪರವಾಗಿ ಮಾತಾಡುವವರ ಹೆಸರನ್ನು ಅದರಲ್ಲೇ ಬರೆಯಬೇಕು. ಒಬ್ಬರಿಗಿಂತ ಜಾಸ್ತಿ ಹೆಸರು ಹಾಕಬಹುದು, ಹಾಗಾಗಿ ಇಬ್ಬರು ತಂಗಿಯರನ್ನೂ ಸೇರಿಸಲು ಅಡ್ಡಿಯಿಲ್ಲ. ಆದರೆ ಹೆಸರು ಬರೆಯುವ ಮೊದಲು ಅವರನ್ನು ಕೇಳಬೇಕಾಗುತ್ತದೆ. ಕೊನೆಯವರಿಗೆ ಫೋನ್ ಮಾಡಲು ಇಷ್ಟು ನೆಪ ಸಾಕಲ್ವಾ?

— ಸಂಪಾದಕ