ದಿನವೂ ನಡೆಯುತ್ತೇನೆ, ಆದರೂ ನೆಲದಿಂದ ಏಳಲು ಕಷ್ಟ; ಏಕೆ?

ಪ್ರಶ್ನೆ: ನನಗೆ 54 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮನೆಯ ಹತ್ತಿರದ ಪಾರ್ಕಿನಲ್ಲಿ ದಿನವೂ ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಕಳೆದ ತಿಂಗಳು ಬಂಧುಗಳ ಗೃಹಪ್ರವೇಶದಲ್ಲಿ ಎಲೆಯ ಮುಂದೆ ನೆಲದ ಮೇಲೆ ಕುಳಿತವಳು, ಊಟ ಮುಗಿದ ಮೇಲೆ ಏಳಲಾಗದೆ ಮಗಳ ಕೈ ಹಿಡಿಯಬೇಕಾಯಿತು. ನೋವು ಅಷ್ಟಾಗಿ ಇಲ್ಲ, ಬಿಗಿತವೇ ಹೆಚ್ಚು. ಎಕ್ಸ್‌ರೇ ನೋಡಿದ ವೈದ್ಯರು ವಯಸ್ಸಿಗೆ ತಕ್ಕಷ್ಟು ಸವೆತವಿದೆ, ಗಾಬರಿಯಾಗುವಂಥದ್ದೇನಿಲ್ಲ ಎಂದರು. ಮಂಡಿ ಮಡಿಸಿದಷ್ಟೂ ಸವೆಯುತ್ತದೆ, ನೆಲದ ಮೇಲೆ ಕೂರುವುದನ್ನೇ ಬಿಟ್ಟುಬಿಡು ಎನ್ನುತ್ತಾರೆ ನಮ್ಮ ಅತ್ತಿಗೆ. ಕೀಲುಗಳ ಚಲನೆಗೆಂದೇ ಬೇರೆ ವ್ಯಾಯಾಮ ಬೇಕು ಎನ್ನುತ್ತಾಳೆ ಮಗಳು. ನಡಿಗೆ ಸಾಲದೆ? ಮಂಡಿಗೆ ಪಟ್ಟಿ ಹಾಕಿಕೊಂಡರೆ ಅನುಕೂಲವಾದೀತೆ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಫಿಸಿಯೊಥೆರಪಿ ತಜ್ಞರ ಉತ್ತರ: ನಿಮ್ಮ ನಡಿಗೆಯನ್ನು ಖಂಡಿತ ಬಿಡಬೇಡಿ, ಹೃದಯಕ್ಕೂ ಸಕ್ಕರೆಯ ಹತೋಟಿಗೂ ಅದರಿಂದ ಆಗುವ ಉಪಕಾರ ದೊಡ್ಡದು. ಆದರೆ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ಮಂಡಿ ಮಡಚಿಕೊಳ್ಳುವುದು ಹೆಚ್ಚೆಂದರೆ 60 ಡಿಗ್ರಿಯ ಆಸುಪಾಸು. ವಿಜಯನಗರದ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುವಾಗ ಅದು 90ರ ಹತ್ತಿರ ಬರುತ್ತದೆ. ಕುಕ್ಕರುಗಾಲಿನಲ್ಲಿ ಕೂರಬೇಕಾದರೆ 130 ಡಿಗ್ರಿಗೂ ಹೆಚ್ಚು ಮಡಚಬೇಕು. ಎಂದರೆ ನೀವು ಮುಕ್ಕಾಲು ಗಂಟೆ ನಡೆದರೂ ಮಂಡಿ ತನಗಿರುವ ಚಲನೆಯ ಅರ್ಧದಷ್ಟನ್ನೂ ಬಳಸಿರುವುದಿಲ್ಲ. ಉಳಿದ ಅರ್ಧವನ್ನು ಹಿಂದೆ ನಮ್ಮ ಮನೆಗಳೇ ಮಾಡಿಸುತ್ತಿದ್ದವು: ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚುವುದು, ಅಂಗಳದಲ್ಲಿ ಕುಕ್ಕರಿಸಿ ರಂಗೋಲಿ ಬಿಡುವುದು, ನೆಲದ ಮೇಲೆ ಊಟ, ನೆಲದ ಮೇಲೆಯೇ ಹಾಸಿಗೆ. ಈಗಿನ ಬೆಂಗಳೂರಿನ ಮನೆಯಲ್ಲಿ ಅಡುಗೆಯ ಕಟ್ಟೆ, ಊಟದ ಮೇಜು, ಮಂಚ, ಕಮೋಡು ಎಲ್ಲವೂ ಸೊಂಟದ ಎತ್ತರದಿಂದ ಮಂಡಿಯ ಎತ್ತರದೊಳಗೇ ಇವೆ. ಅದರ ಮೇಲೆ ರಿಂಗ್ ರಸ್ತೆಯ ವಾಹನ ದಟ್ಟಣೆಯಲ್ಲಿ ಗಂಟೆಗಟ್ಟಲೆ ಮಂಡಿಯನ್ನು ಒಂದೇ ಕೋನದಲ್ಲಿ ಹಿಡಿದು ಕೂರುವುದು ಬೇರೆ.

ನಿಮ್ಮ ಅತ್ತಿಗೆಯವರ ಮಾತಿನ ಹಿಂದೆ ಕೀಲನ್ನು ಬಾಗಿಲಿನ ತಿರುಗಣಿಯಂತೆ ಕಾಣುವ ಒಂದು ಕಲ್ಪನೆ ಇದೆ. ತಿರುಗಿಸಿದಷ್ಟೂ ಸವೆಯುತ್ತದೆ ಎಂಬುದು ಕಬ್ಬಿಣದ ವಿಷಯದಲ್ಲಿ ನಿಜ. ಜೀವಂತ ಕೀಲಿನ ವ್ಯವಹಾರವೇ ಬೇರೆ. ಮೂಳೆಯ ತುದಿಗಳನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ತಲುಪುವುದು ಕೀಲಿನೊಳಗಿರುವ ಕೆಲವೇ ಮಿಲಿಲೀಟರಿನಷ್ಟು ಜಾರುವ ದ್ರವದಿಂದ, ಅದೂ ಕೀಲಿನ ಮೇಲೆ ಭಾರ ಬಿದ್ದು ಮತ್ತೆ ಹಗುರಾಗುವಾಗ, ನೀರಿನಲ್ಲಿ ಅದ್ದಿದ ಸ್ಪಂಜನ್ನು ಹಿಂಡಿ ಬಿಟ್ಟ ಹಾಗೆ. ಚಲನೆ ಕಡಿಮೆಯಾದರೆ ಈ ಪೂರೈಕೆಯೂ ಕಡಿಮೆಯಾಗುತ್ತದೆ. ಕೀಲನ್ನು ಚೀಲದಂತೆ ಸುತ್ತುವರಿದಿರುವ ಪೊರೆಯೂ ಸುತ್ತಲಿನ ಸ್ನಾಯುಗಳೂ ಬಳಕೆಯಲ್ಲಿರುವ ಅಳತೆಗೇ ಮೊಟಕಾಗಿ ಪೆಡಸಾಗುತ್ತವೆ. ಮೂಳೆ ಮುರಿದು ಆರು ವಾರ ಪ್ಲಾಸ್ಟರು ಹಾಕಿಸಿಕೊಂಡವರನ್ನು ಕೇಳಿ ನೋಡಿ: ಮೂಳೆ ಕೂಡಿದ್ದರೂ, ಏಟು ಬೀಳದ ಪಕ್ಕದ ಕೀಲು ಸಹ ಬಗ್ಗಲು ಒಲ್ಲೆನೆನ್ನುತ್ತದೆ. (ಬೆರಳಿನ ಲಟಿಕೆ ಮುರಿದರೆ ಸಂಧಿವಾತ ಬರುತ್ತದೆ ಎಂಬ ಹೆದರಿಕೆಯೂ ಇದೇ ಜಾತಿಯದು. ಆ ಸದ್ದು ಕೀಲುದ್ರವದಲ್ಲಿ ಉಂಟಾಗುವ ಅನಿಲದ ಗುಳ್ಳೆಗೆ ಸಂಬಂಧಿಸಿದ್ದು. ಮೂಳೆ ಸವೆಯುವ ಸದ್ದಲ್ಲ.)

ಹಾಗೆಂದು ಅತ್ತಿಗೆಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮಂಡಿ ಬಹಳ ಮಡಚಿದಾಗ ಮಂಡಿಚಿಪ್ಪಿನ ಹಿಂದಿನ ಒತ್ತಡ ಹೆಚ್ಚುವುದು ನಿಜ, ದಿನಕ್ಕೆ ಹಲವಾರು ಗಂಟೆ ಕುಕ್ಕರಿಸಿಯೋ ಮಂಡಿಯೂರಿಯೋ ದುಡಿಯುವವರಲ್ಲಿ ಮಂಡಿಯ ಸವೆತ ಹೆಚ್ಚಾಗಿ ಕಾಣುವುದೂ ನಿಜ. ಆದರೆ ದಿನವಿಡೀ ಹಾಗೆ ದುಡಿಯುವುದಕ್ಕೂ, ದಿನಕ್ಕೆ ಹತ್ತಾರು ಸಲ ಆ ಭಂಗಿಗೆ ಇಳಿದು ಏಳುವುದಕ್ಕೂ ಬಹಳ ಅಂತರವಿದೆ. ಎರಡನೆಯದನ್ನು ನಿಲ್ಲಿಸಿದ್ದರಿಂದ ನಿಮ್ಮ ಮಂಡಿಗೆ ಲಾಭವಾಗಿಲ್ಲ.

ಇನ್ನು ನಿಮ್ಮ ತೊಂದರೆಯ ಮೂಲ ಮಂಡಿಯಲ್ಲೇ ಇದೆಯೆಂದು ನನಗೆ ಅನ್ನಿಸುವುದಿಲ್ಲ. ನೆಲದಿಂದ ಏಳುವಾಗ ಮೊಣಕಾಲು ಪಾದಕ್ಕಿಂತ ಮುಂದಕ್ಕೆ ಬಾಗಬೇಕು. ಕಾಲಿನ ಹರಡು ಬಿಗಿದುಕೊಂಡಿದ್ದರೆ ಹಿಮ್ಮಡಿ ಮೇಲೆದ್ದುಬಿಡುತ್ತದೆ ಅಥವಾ ಮೈಭಾರ ಹಿಂದಕ್ಕೆ ವಾಲುತ್ತದೆ, ಆ ಕೊರತೆಯನ್ನು ಮಂಡಿಯೂ ನಡುವೂ ತುಂಬಿಕೊಡಬೇಕಾಗುತ್ತದೆ. ಹಾಗೆಯೇ ಚಕ್ಕಳಮಕ್ಕಳ ಹಾಕಲು ತೊಡೆ ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಲ್ಲಿ; ಅಲ್ಲಿ ತಿರುಗದಿದ್ದರೆ ಆ ತಿರುಚು ಮಂಡಿಗೆ ಬೀಳುತ್ತದೆ. ಮಂಡಿ ನೋವೆಂದು ಬಂದವರ ಹರಡನ್ನು ನಾನು ಮೊದಲು ಪರೀಕ್ಷಿಸುವುದು ಇದೇ ಕಾರಣಕ್ಕೆ, ಎಷ್ಟೋ ಜನ ಅದನ್ನು ಕಂಡು ಅನುಮಾನದಿಂದ ನೋಡುತ್ತಾರೆ. ನೀವೇ ಪರೀಕ್ಷಿಸಿಕೊಳ್ಳಬಹುದು: ಗೋಡೆಗೆ ಎದುರಾಗಿ ನಿಂತು, ಒಂದು ಪಾದದ ಹೆಬ್ಬೆರಳು ಗೋಡೆಯಿಂದ 10 ಸೆಂಟಿಮೀಟರ್ ದೂರವಿರುವಂತೆ ಇಟ್ಟು, ಹಿಮ್ಮಡಿಯನ್ನು ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗದಿದ್ದರೆ, ಅಥವಾ ಎರಡು ಕಾಲಿಗೂ ಬಹಳ ವ್ಯತ್ಯಾಸವಿದ್ದರೆ, ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ. ಇದೇ ಪರೀಕ್ಷೆಯನ್ನು ಪ್ರತಿ ಕಾಲಿಗೆ ಹದಿನೈದು ಸಲದಂತೆ ನಿಧಾನವಾಗಿ ದಿನವೂ ಮಾಡಿದರೆ ಅದೇ ವ್ಯಾಯಾಮ.

ನಿಮ್ಮ ಮಗಳು ಹೇಳುವ ಚಲನಶೀಲತೆಯನ್ನು ಮೈ ಬಳುಕುವುದೆಂದು ತಿಳಿಯಬೇಡಿ. ಬೆನ್ನ ಮೇಲೆ ಮಲಗಿ, ಕೈಯಿಂದ ಮಂಡಿಯನ್ನು ಎದೆಯ ಕಡೆಗೆ ಎಳೆದುಕೊಂಡಾಗ ಎಷ್ಟು ಬರುತ್ತದೆ ಎಂದು ನೋಡಿ. ಆಮೇಲೆ ಕೈ ಬಿಟ್ಟು, ಕಾಲಿನ ಶಕ್ತಿಯಿಂದಲೇ ಅಷ್ಟು ತನ್ನಿ. ಎರಡರ ನಡುವಿನ ಅಂತರವಿದೆಯಲ್ಲ, ಅಷ್ಟು ಚಲನೆ ನಿಮ್ಮಲ್ಲಿದೆ, ಆದರೆ ನಿಮ್ಮ ಹಿಡಿತದಲ್ಲಿಲ್ಲ. ಬಿಎಂಟಿಸಿ ಬಸ್ಸಿನ ಎತ್ತರದ ಮೆಟ್ಟಿಲಿಗೆ ಕಾಲಿಡುವಾಗ, ಒದ್ದೆ ನೆಲದಲ್ಲಿ ಜಾರಿದ ಹೆಜ್ಜೆಯನ್ನು ಸಾವರಿಸಿಕೊಳ್ಳುವಾಗ ಬಳಕೆಗೆ ಬರುವುದು ಹಿಡಿತದಲ್ಲಿರುವ ಚಲನೆ ಮಾತ್ರ. ಆದ್ದರಿಂದ ಬರೀ ಎಳೆದು ಹಿಗ್ಗಿಸುವ ವ್ಯಾಯಾಮಕ್ಕಿಂತ, ಎತ್ತರವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಕೂತು ಏಳುವುದನ್ನು ನಾನು ಹೆಚ್ಚು ನೆಚ್ಚುತ್ತೇನೆ. ಮೊದಲ ಎರಡು ವಾರ ಊಟದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ. ಅದು ಸಲೀಸಾದ ಮೇಲೆ ಗಿಡ್ಡ ಸ್ಟೂಲು, ನಂತರ ಮಣೆಯ ಮೇಲೆ ಎರಡು ದಿಂಬು, ಕೊನೆಗೆ ಬರೀ ಮಣೆ. ಪಕ್ಕದಲ್ಲಿ ಹಿಡಿಯಲು ಗಟ್ಟಿಯಾದ ಮಂಚವೋ ಸೋಫಾವೋ ಇರಲಿ. ವ್ಯಾಯಾಮದ ವೇಳೆ ಅಲ್ಪಸ್ವಲ್ಪ ಅಸೌಖ್ಯವಾದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚೇ ಇದ್ದರೆ ಒಂದು ಹಂತ ಹಿಂದಕ್ಕೆ ಬನ್ನಿ. ಬಿಗಿದ ಮಂಡಿಯವರು ಮೊದಲ ದಿನವೇ ವಜ್ರಾಸನಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಮುಂದಿನ ವರ್ಷಗಳ ಆರೋಗ್ಯಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದರೆ, ಇದೆ, ಆದರೆ ಎಚ್ಚರದಿಂದ ಹೇಳಬೇಕಾದ ಮಾತು. ಬ್ರೆಜಿಲ್‌ನ ಸಂಶೋಧಕರು 51ರಿಂದ 80 ವರ್ಷದ 2,002 ಮಂದಿಯನ್ನು ನೆಲದ ಮೇಲೆ ಕೂತು ಏಳುವಂತೆ ಹೇಳಿ, ಕೈ ಅಥವಾ ಮಂಡಿ ಊರಿದಾಗಲೆಲ್ಲ ಅಂಕ ಕಳೆದು, ಕೆಲವು ವರ್ಷ ಅವರನ್ನು ಗಮನಿಸಿದರು. ಕಡಿಮೆ ಅಂಕ ಪಡೆದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತೆಂದು 2012ರಲ್ಲಿ ಪ್ರಕಟಿಸಿದರು. ಏಳಲಾಗದ್ದೇ ಸಾವಿಗೆ ಕಾರಣ ಎಂದು ಇದರ ಅರ್ಥವಲ್ಲ. ಕೀಲಿನ ಸಡಿಲ, ಸ್ನಾಯುವಿನ ಬಲ, ಸಮತೋಲನ, ಮೈತೂಕ ಇವೆಲ್ಲವನ್ನೂ ಆ ಒಂದು ಚಲನೆ ಒಟ್ಟಿಗೆ ತೋರಿಸಿಕೊಡುತ್ತದೆ ಅಷ್ಟೆ. ವಯಸ್ಸಾದವರು ಬೀಳುವುದಕ್ಕೂ ಬಿದ್ದ ಮೇಲೆ ಒಬ್ಬರೇ ಏಳಲಾಗದಿರುವುದಕ್ಕೂ ಇದೇ ಸಂಗತಿಗಳು ಕಾರಣವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ನಡಿಗೆಯಂಥ ವ್ಯಾಯಾಮದ ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಬೇಕೆಂದು ಹೇಳಿರುವುದೂ ಈ ಕಾರಣಕ್ಕೆ.

ಭುಜವನ್ನು ಮರೆಯಬೇಡಿ. ಅಟ್ಟದ ಡಬ್ಬಿ ತೆಗೆಯಲು, ಬೆನ್ನ ಹಿಂದಿನ ಹುಕ್ಕು ಹಾಕಲು ಕೈ ಹೋಗುತ್ತದೆಯೇ ಎಂದು ಗಮನಿಸುತ್ತಿರಿ. ವಿಶೇಷವಾಗಿ ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಹಿಡಿದುಕೊಳ್ಳುವುದು ಹೆಚ್ಚು, 40ರಿಂದ 60ರ ನಡುವೆ ಅದು ಸಾಮಾನ್ಯ.

ಬೆಳಗಿನ ಬಿಗಿತ ಸವೆತದಿಂದಾದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಒಂದು ಗಂಟೆಗೂ ಮೀರಿ ಉಳಿದರೆ, ಕೀಲು ಊದಿಕೊಂಡು ಬಿಸಿಯಾಗಿದ್ದರೆ, ಮಂಡಿ ಮಧ್ಯದಲ್ಲಿ ಸಿಕ್ಕಿಕೊಂಡು ಬಿಡಿಸಲಾಗದಿದ್ದರೆ, ವ್ಯಾಯಾಮ ಬದಿಗಿಟ್ಟು ವೈದ್ಯರನ್ನು ಕಾಣಿ. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆದವರು ಶಸ್ತ್ರವೈದ್ಯರನ್ನು ಕೇಳದೆ ಮೇಲಿನ ಯಾವುದನ್ನೂ ಮಾಡಕೂಡದು.

ಮಂಡಿಪಟ್ಟಿಯ ಮಾತು. ದೂರದ ಪ್ರಯಾಣದಲ್ಲೋ ಹೆಚ್ಚು ಹೊತ್ತು ನಿಂತು ಪಾಠ ಮಾಡುವ ದಿನವೋ ಹಾಕಿಕೊಂಡರೆ ಬೆಚ್ಚಗಿದ್ದು ಹಿತವೆನಿಸಬಹುದು. ಕಳೆದುಹೋದ ಚಲನೆಯನ್ನು ಅದು ಮರಳಿಸುವುದಿಲ್ಲ. ಕೂತು ಏಳುವ ಅಭ್ಯಾಸದ ವೇಳೆಯಂತೂ ಅದನ್ನು ಬಿಚ್ಚಿಡಿ.