ಮಧ್ಯಪದ ಒಡೆಯುವಾಗ ಆ ಎರಡು ಸಂಖ್ಯೆ ಹೊಳೆಯುವುದೇ ಇಲ್ಲ, ಏನು ಮಾಡಲಿ?

ನೀವು ಕೊಟ್ಟ ಲೆಕ್ಕ 6ಕ್ಷ² − ಕ್ಷ − 15. ಇದನ್ನು ಅಪವರ್ತಿಸಬೇಕು, ಅಂದರೆ ಎರಡು ಆವರಣಗಳ ಗುಣಲಬ್ಧವಾಗಿ ಬರೆಯಬೇಕು; ಅದಕ್ಕೆ ಮಧ್ಯಪದವಾದ −ಕ್ಷ ಅನ್ನು ಎರಡಾಗಿ ಒಡೆಯಬೇಕು. (ಎಕ್ಸ್ ಜಾಗದಲ್ಲಿ ಕ್ಷ ಬರೆದಿದ್ದೇನೆ, ಕ್ಷ-ಕಿರಣ ಅಂತೀವಲ್ಲ, ಹಾಗೆ.) ಮೊದಲ ಮತ್ತು ಕೊನೆಯ ಸಂಖ್ಯೆ ಗುಣಿಸಿದರೆ −90. ಈಗ ಗುಣಿಸಿದರೆ −90, ಕೂಡಿದರೆ −1 ಬರುವ ಜೋಡಿ ಬೇಕು. ಅಲ್ಲಿಗೆ ಬಂದು ಕೈ ನಿಂತುಬಿಡುತ್ತದೆ ಅಂದಿದ್ದೀರಿ.

ನಾನು ಸಂಜೆ ಹೊತ್ತು ಹತ್ತನೇ ತರಗತಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಒಬ್ಬಳು ಹುಡುಗಿ 24ಕ್ಷ² − 41ಕ್ಷ + 12 ಹಿಡಿದು ಕೂತಿದ್ದಳು. 288ಕ್ಕೆ ಜೋಡಿ ಹುಡುಕಬೇಕು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ 2, 144, 3, 96, 4, 72 ಅಂತ ಬರೆದು, 6, 48ಕ್ಕೆ ಬರುವಷ್ಟರಲ್ಲಿ ಸುಸ್ತಾಗಿ ಎಲ್ಲವನ್ನೂ ಅಳಿಸಿದ್ದಳು. ಬುದ್ಧಿ ಕಡಿಮೆ ಅಂತಲ್ಲ. ಜೋಡಿ ತಾನಾಗೇ ಹೊಳೆಯಬೇಕು ಅಂತ ನಾವು ಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ. ಅದೇ ತಪ್ಪು. ಜೋಡಿಯನ್ನು ಲೆಕ್ಕ ಹಾಕಿಯೇ ತೆಗೆಯಬಹುದು.

ಎರಡು ಸಂಖ್ಯೆಗಳ ಮೊತ್ತ, ಗುಣಲಬ್ಧ ಗೊತ್ತಿದ್ದರೆ ವ್ಯತ್ಯಾಸವೂ ಗೊತ್ತಾದ ಹಾಗೆಯೇ. (ಅ + ಬ)² − 4ಅಬ = (ಅ − ಬ)². ನೀವು ಆಗಲೇ ಕಲಿತಿರುವ ನಿತ್ಯಸಮೀಕರಣಗಳನ್ನು ಬಿಡಿಸಿ ನೋಡಿದರೆ ಇದು ಸಿಗುತ್ತದೆ.

ನಿಮ್ಮ ಲೆಕ್ಕಕ್ಕೆ ಹಾಕೋಣ. ಮೊತ್ತ −1, ಅದರ ವರ್ಗ 1. ಗುಣಲಬ್ಧದ ನಾಲ್ಕರಷ್ಟು −360. ಅದನ್ನು ಕಳೆದರೆ 361. ಅದು 19ರ ವರ್ಗ. ಅಂದರೆ ವ್ಯತ್ಯಾಸ 19. ಮೊತ್ತಕ್ಕೆ ವ್ಯತ್ಯಾಸ ಸೇರಿಸಿ ಅರ್ಧ ಮಾಡಿ: 18ರ ಅರ್ಧ 9. ಇನ್ನೊಂದು −10. ಚಿಹ್ನೆ ಸಮೇತ ಬಂತು, ಅಲ್ವಾ? ಆ ಹುಡುಗಿಯ ಲೆಕ್ಕದಲ್ಲೂ ಅಷ್ಟೇ: 1681ರಲ್ಲಿ 1152 ಹೋದರೆ 529, ಅದು 23ರ ವರ್ಗ. ಜೋಡಿ −9 ಮತ್ತು −32.

ಮುಂದಿನದು ನಿಮಗೆ ಗೊತ್ತಿರುವುದೇ:

6ಕ್ಷ² + 9ಕ್ಷ − 10ಕ್ಷ − 15
= 3ಕ್ಷ(2ಕ್ಷ + 3) − 5(2ಕ್ಷ + 3)
= (2ಕ್ಷ + 3)(3ಕ್ಷ − 5)

ಎರಡನೇ ಸಾಲಿನಲ್ಲಿ ಜಾಸ್ತಿ ಜನ ಜಾರುತ್ತಾರೆ. −5 ಹೊರಗೆ ತೆಗೆದಾಗ −15 ಒಳಗೆ +3 ಆಗುತ್ತದೆ. ಅಲ್ಲಿ −3 ಬರೆದರೆ ಎರಡು ಆವರಣಗಳು ಹೊಂದುವುದಿಲ್ಲ. ಹೊಂದದಿದ್ದರೆ ಮೊದಲು ಆ ಚಿಹ್ನೆಯನ್ನೇ ನೋಡಿ. ಇಡೀ ಲೆಕ್ಕ ಹೊಡೆದುಹಾಕಬೇಡಿ.

ಇನ್ನೊಂದು ಲಾಭ ಇದೆ. 2ಕ್ಷ² + 5ಕ್ಷ + 1 ತೆಗೆದುಕೊಳ್ಳಿ. 25ರಲ್ಲಿ 8 ಹೋದರೆ 17. ಅದು ಪೂರ್ಣವರ್ಗ ಅಲ್ಲ. ಹಾಗಾಗಿ ಪೂರ್ಣಾಂಕಗಳ ಜೋಡಿ ಇಲ್ಲವೇ ಇಲ್ಲ, ಎಷ್ಟು ಹುಡುಕಿದರೂ ಸಿಗುವುದಿಲ್ಲ. ಈ 17ನ್ನೇ ವರ್ಗಸಮೀಕರಣದ ಪಾಠದಲ್ಲಿ ಶೋಧಕ ಅನ್ನುತ್ತಾರೆ. ಪರೀಕ್ಷೆಯಲ್ಲಿ ಇಂಥದ್ದು ಸಮೀಕರಣವಾಗಿ ಬಂದರೆ ಸುಮ್ನೆ ಹುಡುಕುತ್ತಾ ಕೂರದೆ ನೇರವಾಗಿ ವರ್ಗಸಮೀಕರಣದ ಸೂತ್ರ ಹಾಕಿ. 17 ಆಗಲೇ ನಿಮ್ಮ ಕೈಯಲ್ಲಿರುತ್ತದೆ.