ಹಿತ್ತಲ ಹಕ್ಕಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಹಕ್ಕಿ ವೀಕ್ಷಣೆಯನ್ನು ಕುರಿತು ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಈಗಷ್ಟೇ ಈ ಹವ್ಯಾಸಕ್ಕೆ ಕೈಹಾಕಿದವರವು. ಆದ್ದರಿಂದ ಈ ಬಾರಿ ಕಾಡು, ಕೆರೆಗಳನ್ನು ಬದಿಗಿಟ್ಟು ಅಂಗಳ, ಹಿತ್ತಲು, ಬಾಲ್ಕನಿಗಳಲ್ಲೇ ಉಳಿದಿದ್ದೇವೆ.

ಪ್ರಶ್ನೆ: ಮೂವತ್ತೆರಡು ವರ್ಷ ಗಣಿತ ಕಲಿಸಿ ಈಚೆಗೆ ನಿವೃತ್ತನಾಗಿದ್ದೇನೆ. ಮನೆಯ ಹಿಂದೆ ಒಂದು ತೆಂಗು, ಕರಿಬೇವು, ಪಪ್ಪಾಯಿ ಮತ್ತು ಎರಡು ದಾಸವಾಳದ ಗಿಡಗಳಿರುವ ಸಣ್ಣ ಹಿತ್ತಲಿದೆ. ಹಕ್ಕಿ ನೋಡುವ ಹವ್ಯಾಸ ಬೆಳೆಸಿಕೊಳ್ಳುವ ಆಸೆ. ಅದಕ್ಕೆ ರಂಗನತಿಟ್ಟಿಗೇ ಹೋಗಬೇಕು, ದುಬಾರಿ ದುರ್ಬೀನನ್ನೇ ಕೊಳ್ಳಬೇಕು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಎಲ್ಲಿಂದ ಆರಂಭಿಸಲಿ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಮೇಷ್ಟ್ರೇ, ರಂಗನತಿಟ್ಟಿಗೆ ಖಂಡಿತ ಹೋಗಿ ಬನ್ನಿ, ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ನಡುಗಡ್ಡೆಗಳು ನಿಮ್ಮ ಊರಿನಿಂದ ಒಂದು ಗಂಟೆಯ ದಾರಿಯೂ ಅಲ್ಲ. ಆದರೆ ಕಲಿಕೆಯನ್ನು ಅಲ್ಲಿಂದ ಆರಂಭಿಸಬೇಡಿ. ದೋಣಿಯಲ್ಲಿ ಕುಳಿತ ಹೊಸಬನ ಕಣ್ಣಿಗೆ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆಗಳು ಒಮ್ಮೆಲೇ ನೂರಾರು ಬೀಳುತ್ತವೆ. ದೋಣಿ ದಡ ಸೇರುವಷ್ಟರಲ್ಲಿ ಯಾವ ಹಕ್ಕಿಯ ಕೊಕ್ಕು ಹೇಗಿತ್ತೆಂಬುದೇ ಮರೆತುಹೋಗಿರುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂಬ ಭಾವನೆ ಹಕ್ಕಿಗಳ ವಿಷಯದಲ್ಲೂ ನಮ್ಮಲ್ಲಿ ಬೇರೂರಿದೆ. ಹಿತ್ತಲಿನ ದೊಡ್ಡ ಅನುಕೂಲವೆಂದರೆ, ಇಂದು ಗುರುತು ಹತ್ತದ ಹಕ್ಕಿ ನಾಳೆಯೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅದೇ ಕೊಂಬೆಗೆ ಬರುತ್ತದೆ. ನಿನ್ನೆಯ ತಪ್ಪನ್ನು ತಿದ್ದಿಕೊಳ್ಳಲು ಇಷ್ಟು ಉದಾರವಾಗಿ ಅವಕಾಶ ಕೊಡುವ ಪಾಠಶಾಲೆ ಬೇರೊಂದಿಲ್ಲ.

ಮೊದಲ ತಿಂಗಳು ನೂರು ಪುಟದ ಒಂದು ನೋಟ್‌ಬುಕ್ಕನ್ನು ಬಿಟ್ಟು ಬೇರೇನನ್ನೂ ಕೊಳ್ಳಬೇಡಿ. ಬೆಳಿಗ್ಗೆ ಆರೂಕಾಲರ ಸುಮಾರಿಗೆ, ಸೂರ್ಯ ನಿಮ್ಮ ಬೆನ್ನ ಹಿಂದಿರುವಂತೆ ಕುರ್ಚಿ ಹಾಕಿಕೊಂಡು ಇಪ್ಪತ್ತು ನಿಮಿಷ ಅಲುಗಾಡದೆ ಕುಳಿತುಕೊಳ್ಳಿ. ಮೊದಲ ಐದು ನಿಮಿಷ ಹಿತ್ತಲು ಖಾಲಿಯಾಗಿರುವಂತೆ ತೋರುತ್ತದೆ; ನೀವು ಬಂದಿರುವುದು ಹಕ್ಕಿಗಳಿಗೆ ಗೊತ್ತಾಗಿರುತ್ತದೆ, ಅಷ್ಟೆ. ಆಮೇಲೆ ಅವು ತಮ್ಮ ಕೆಲಸಕ್ಕೆ ಮರಳುತ್ತವೆ. ಕಂಡ ಹಕ್ಕಿಯ ಹೆಸರನ್ನು ಹುಡುಕುವ ಆತುರ ಬೇಡ. ಗುಬ್ಬಚ್ಚಿ, ಗೊರವಂಕ, ಕಾಗೆ ಈ ಮೂರನ್ನು ಅಳತೆಗೋಲಾಗಿ ಇಟ್ಟುಕೊಂಡು, ಬಂದ ಹಕ್ಕಿ ಇವುಗಳಲ್ಲಿ ಯಾವುದಕ್ಕಿಂತ ಸಣ್ಣದು, ಯಾವುದಕ್ಕಿಂತ ದೊಡ್ಡದು ಎಂದು ಬರೆಯಿರಿ. ಅನಂತರ ಕೊಕ್ಕಿನ ಆಕಾರ, ಬಾಲವನ್ನು ಹಿಡಿಯುವ ರೀತಿ, ನೆಲದ ಮೇಲೆ ನಡೆಯುತ್ತದೆಯೋ ಕುಪ್ಪಳಿಸುತ್ತದೆಯೋ, ಏನು ತಿನ್ನುತ್ತದೆ ಎಂಬುದನ್ನು ಸೇರಿಸಿ. ಬಣ್ಣ ಕೊನೆಗೆ ಬರಲಿ, ಏಕೆಂದರೆ ಬೆಳಗಿನ ಓರೆ ಬಿಸಿಲಿನಲ್ಲಿ ಬಣ್ಣದಷ್ಟು ಮೋಸ ಮಾಡುವ ಲಕ್ಷಣ ಇನ್ನೊಂದಿಲ್ಲ.

ನಿಮ್ಮ ಗಿಡಗಳ ಪಟ್ಟಿಯನ್ನು ನೋಡಿದರೆ ಯಾರು ಬರಬಹುದೆಂದು ಈಗಲೇ ಊಹಿಸಬಹುದು. ಕರಿಬೇವಿನ ಕಾಯಿ ಕಪ್ಪಗೆ ಹಣ್ಣಾದಾಗ ಪಿಕಳಾರಗಳು, ಅಂದರೆ ಬುಲ್‌ಬುಲ್‌ಗಳು, ತಪ್ಪದೆ ಬರುತ್ತವೆ. ಜುಟ್ಟು ಮೊನಚಾಗಿ ನೆಟ್ಟಗಿದ್ದು ಕೆನ್ನೆಯ ಮೇಲೆ ಕೆಂಪು ಚುಕ್ಕೆಯಿದ್ದರೆ ಒಂದು ಜಾತಿ, ತಲೆ ಕಪ್ಪಾಗಿದ್ದು ಬಾಲದ ಬುಡದಡಿ ಮಾತ್ರ ಕೆಂಪಿದ್ದರೆ ಇನ್ನೊಂದು. ಒಣಗಿದ ಎಲೆಗಳನ್ನು ಮಗುಚಿ ಹುಳ ಹುಡುಕುತ್ತ, ಆರೇಳು ಜನ ಒಟ್ಟಾಗಿ ಗಲಾಟೆ ಮಾಡುತ್ತ ಬರುವ ಮಣ್ಣು ಬಣ್ಣದವು ಹರಟೆಮಲ್ಲಗಳು. ಬೆಕ್ಕು ಬಂದದ್ದನ್ನು ಮನೆಯವರಿಗಿಂತ ಮೊದಲು ಸಾರುವವು ಅವೇ. ಗೋಡೆಯ ಮೇಲೆ ಬಾಲ ನಿಮಿರಿಸಿ ಕೂತು ಸಿಳ್ಳೆ ಹಾಕುವ ಕಪ್ಪುಬಿಳುಪಿನ ಹಕ್ಕಿ ಮಡಿವಾಳ.

ಇವೆಲ್ಲಕ್ಕಿಂತ ನಿಮ್ಮ ಗಮನವನ್ನು ಬೇಡುವುದು ಟುವ್ವಿ ಹಕ್ಕಿ. ಇದನ್ನು ಸಿಂಪಿಗ ಎಂದೂ ಕರೆಯುತ್ತಾರೆ. ಗುಬ್ಬಚ್ಚಿಗಿಂತ ಸಣ್ಣದು, ಬೆನ್ನು ಎಲೆಹಸಿರು, ನೆತ್ತಿ ತುಕ್ಕಿನ ಬಣ್ಣ. ದೇಹಕ್ಕೆ ಹೋಲಿಸಿದರೆ ದನಿ ಮಾತ್ರ ವಿಪರೀತ ದೊಡ್ಡದು. ಅಗಲವಾದ ಎಲೆಯ ಎರಡು ಅಂಚುಗಳನ್ನು ಹತ್ತಿರಕ್ಕೆ ತಂದು, ಕೊಕ್ಕಿನಿಂದ ಸಣ್ಣ ತೂತು ಕೊರೆದು, ಜೇಡರ ಬಲೆಯ ಎಳೆಯನ್ನೋ ಹತ್ತಿಯ ನೂಲನ್ನೋ ತೂರಿಸುತ್ತದೆ. ಗಂಟು ಹಾಕುವುದಿಲ್ಲ, ಎಲೆಯ ಹೊರಬದಿಯಲ್ಲಿ ನೂಲಿನ ತುದಿ ಕೆದರಿ ಉಬ್ಬಿಕೊಂಡು, ರಿವೆಟ್ ಹೊಡೆದ ಹಾಗೆ ಹಿಂದೆ ಸರಿಯದೆ ನಿಲ್ಲುತ್ತದೆ. ಪ್ರತಿ ಹೊಲಿಗೆಯೂ ಬಿಡಿಬಿಡಿಯಾದದ್ದರಿಂದ ಒಂದು ಬಿಚ್ಚಿಕೊಂಡರೂ ಗೂಡು ಉಳಿಯುತ್ತದೆ. ನಮ್ಮ ಹಿತ್ತಲಿನಲ್ಲಿ ಇಂಥ ಗೂಡೊಂದು ನಾನು ನಿತ್ಯ ನೀರು ಹಾಕುತ್ತಿದ್ದ ಗಿಡದಲ್ಲೇ ಇತ್ತು. ಮರಿಗಳು ಹಾರಿಹೋಗಿ, ಎಲೆ ಹಳದಿಯಾಗಿ ಉದುರಿದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು.

ದುರ್ಬೀನಿನ ಮಾತಿಗೆ ಬಂದರೆ, ಎರಡನೆಯ ತಿಂಗಳಲ್ಲೂ ಆಸಕ್ತಿ ಉಳಿದಿದ್ದರೆ ಕೊಳ್ಳಿ. ಅದರ ಮೇಲೆ 8×42 ಎಂದು ಬರೆದಿರಲಿ: ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದು. ಗಣಿತದ ಮೇಷ್ಟ್ರಿಗೆ ಉಳಿದದ್ದನ್ನು ಹೇಳಬೇಕಿಲ್ಲ, ಆದರೂ ಭಾಗಿಸಿ ನೋಡಿ. 42ನ್ನು 8ರಿಂದ ಭಾಗಿಸಿದರೆ ಬರುವ 5.25 ಮಿಲಿಮೀಟರ್ ನಿಮ್ಮ ಕಣ್ಣಿಗೆ ತಲುಪುವ ಬೆಳಕಿನ ಕಿರಣಪುಂಜದ ಅಗಲ. ಜೇಬಿನಲ್ಲಿ ಹಿಡಿಸುವ 10×25ರಲ್ಲಿ ಅದು ಎರಡೂವರೆ ಮಾತ್ರ. ನಸುಕಿನಲ್ಲಿ ಪೊದೆಯೊಳಗಿನ ಹಕ್ಕಿ ಮೊದಲನೆಯದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಎರಡನೆಯದರಲ್ಲಿ ಮಸುಕಾಗುತ್ತದೆ. ಹಿಗ್ಗಿಸುವ ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಹಿಗ್ಗುತ್ತದೆ ಎಂಬುದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ಪ್ರಶ್ನೆ: ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ತಂತಿಗೆ ಪುಟ್ಟ ಹಕ್ಕಿಯೊಂದು ಕಸಕಡ್ಡಿಯ ಚೀಲದಂತಹ ಗೂಡನ್ನು ನೇತುಹಾಕಿದೆ. ಹೊಟ್ಟೆ ಹಳದಿ, ಕೊಕ್ಕು ಬಾಗಿದೆ. ಗೂಡನ್ನು ಪಕ್ಕದ ಗಿಡಕ್ಕೆ ಕಟ್ಟಬಹುದೇ? ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ.
— ಗೃಹಿಣಿ, ಶಿವಮೊಗ್ಗ

ಉತ್ತರ: ಅದು ಸೂರಕ್ಕಿ, ನಿಮ್ಮ ವರ್ಣನೆಯಂತೆ ಹೆಣ್ಣು. ಗೂಡು ಕಟ್ಟುವುದು, ಕಾವು ಕೊಡುವುದು ಬಹುಪಾಲು ಅವಳದೇ ಕೆಲಸ. ಮಿರುಗುವ ಹಸಿರು ನೆತ್ತಿ, ಕಡುಗೆಂಪು ಬೆನ್ನಿನ ಗಂಡು ಈಗ ಆಸುಪಾಸಿನಲ್ಲಿ ಹಾಡುತ್ತ ಓಡಾಡಿಕೊಂಡಿರುತ್ತಾನೆ, ಮರಿಗಳಾದ ಮೇಲೆ ಉಣಿಸಲು ಕೈಜೋಡಿಸುತ್ತಾನೆ. ನಿಮಗೆ ಕಸದಂತೆ ಕಂಡದ್ದು ಬೇಕೆಂದೇ ಹಾಗೆ ಮಾಡಿದ್ದು: ತೊಗಟೆಯ ಚೂರು, ಒಣಗಿದ ಹೂವಿನ ತುಣುಕು, ಕಂಬಳಿಹುಳದ ಹಿಕ್ಕೆ ಇವನ್ನೆಲ್ಲ ಜೇಡರ ಬಲೆಯಿಂದ ಅಂಟಿಸಿದಾಗ ಗೂಡು ಗಾಳಿಗೆ ಸಿಕ್ಕಿಕೊಂಡ ಕಸದ ಉಂಡೆಯಂತೆ ಕಾಣುತ್ತದೆ. ದೂರದಲ್ಲಿ ನಿಂತು ನೋಡಿದರೆ ಬಾಗಿಲಿನ ಮೇಲೆ ಮಳೆನೀರು ಒಳಗೆ ಇಳಿಯದಂತೆ ಸಣ್ಣ ಸೂರು ಚಾಚಿರುವುದೂ ಕಾಣಿಸೀತು.

ಗೂಡನ್ನು ಸ್ಥಳಾಂತರಿಸಬೇಡಿ. ಅತ್ತೆಯವರ ಎಚ್ಚರಿಕೆ ಒಳ್ಳೆಯದು, ಕಾರಣ ಮಾತ್ರ ಬೇರೆ. ಮನುಷ್ಯನ ಕೈ ತಾಗಿದ ವಾಸನೆಗೆ ತಾಯಿಹಕ್ಕಿ ಮರಿಯನ್ನು ತೊರೆಯುವುದಿಲ್ಲ. ಗೂಡಿನಿಂದ ಬಿದ್ದ, ಇನ್ನೂ ಪುಕ್ಕ ಮೂಡದ ಮರಿಯನ್ನು ಎತ್ತಿ ಒಳಗಿಟ್ಟರೆ ಅದಕ್ಕೆ ಒಳ್ಳೆಯದೇ ಆಗುತ್ತದೆ. ಆದರೆ ಗೂಡು ಇದ್ದ ಜಾಗವೇ ಬದಲಾದರೆ ಅವಳು ಹಳೆಯ ತಂತಿಯ ಬಳಿಗೇ ಬಂದು ಹುಡುಕುತ್ತಾಳೆ. ಸಾಮಾನ್ಯವಾಗಿ ಇಡುವುದು ಎರಡು ಮೊಟ್ಟೆ. ಕಾವಿಗೆ ಸುಮಾರು ಎರಡು ವಾರ, ಮರಿ ಹಾರಲು ಮತ್ತೆ ಎರಡು ವಾರಕ್ಕೆ ತುಸು ಹೆಚ್ಚು. ಅಷ್ಟು ದಿನ ಬಟ್ಟೆಯನ್ನು ತಾರಸಿಯ ಮೇಲೆ ಒಣಹಾಕಿ. ಗೂಡಿನ ಹತ್ತಿರ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆಯುವ ಆಸೆಯನ್ನೂ ತಡೆದುಕೊಳ್ಳಿ. ನೀವು ಪದೇ ಪದೇ ಹೋಗುವ ಜಾಗದ ಮೇಲೆ ಕಾಗೆಯ ಕಣ್ಣು ಬೀಳುತ್ತದೆ.

ಪ್ರಶ್ನೆ: ಮಡಿವಾಳ ಹಕ್ಕಿಯೊಂದು ದಿನವೂ ಬೈಕಿನ ಕನ್ನಡಿಯನ್ನು ಕುಟ್ಟಿ ಕುಟ್ಟಿ ಸುಸ್ತಾಗುತ್ತದೆ. ಅದಕ್ಕೆ ಹುಚ್ಚೇ?
— ಓದುಗರು, ಧಾರವಾಡ

ಉತ್ತರ: ಹುಚ್ಚಲ್ಲ, ಗಡಿ ತಂಟೆ. ಮರಿ ಮಾಡುವ ಕಾಲದಲ್ಲಿ ಗಂಡು ಮಡಿವಾಳ ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡನ್ನು ಸಹಿಸುವುದಿಲ್ಲ. ಕನ್ನಡಿಯೊಳಗಿನ ಎದುರಾಳಿ ಮಾತ್ರ ಎಷ್ಟು ಹೊಡೆದರೂ ಹಿಮ್ಮೆಟ್ಟುವುದಿಲ್ಲವಾದ್ದರಿಂದ ಜಗಳ ಮುಗಿಯುವುದೇ ಇಲ್ಲ. ಬೈಕು ನಿಲ್ಲಿಸಿದಾಗ ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿ. ಕಿಟಕಿಯ ಗಾಜಾದರೆ ಬಟ್ಟೆಯನ್ನು ಹೊರಗಿನಿಂದ ಕಟ್ಟಬೇಕು; ಒಳಗಿನ ಪರದೆ ಎಳೆದರೆ ಪ್ರತಿಬಿಂಬ ಇನ್ನಷ್ಟು ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದೇನೆ. ಬಾಲ್ಕನಿಯಲ್ಲಿ ಕಾಳು ಹಾಕಿದೆ, ಪಾರಿವಾಳಗಳನ್ನು ಬಿಟ್ಟು ಬೇರೇನೂ ಬರಲಿಲ್ಲ. ನನಗೆ ಹಿತ್ತಲೇ ಇಲ್ಲದಿರುವಾಗ ಈ ಹವ್ಯಾಸ ಸಾಧ್ಯವೇ? ಹಕ್ಕಿಯನ್ನು ಗುರುತಿಸುವ ಆ್ಯಪ್‌ಗಳನ್ನು ನಂಬಬಹುದೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಕಾಳು ಹಾಕುವುದನ್ನು ಇಂದೇ ನಿಲ್ಲಿಸಿ. ನಗರದಲ್ಲಿ ಕಾಳಿಗೆ ಮೊದಲು ಬರುವುದೂ ಕೊನೆಗೆ ಉಳಿಯುವುದೂ ಪಾರಿವಾಳವೇ. ಅದರ ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಗಂಭೀರ ತೊಂದರೆ ಕೊಡುತ್ತದೆ ಎಂಬುದೂ ನೆನಪಿರಲಿ. ಉಪ್ಪು ಹಾಕಿದ ಅನ್ನ, ಬ್ರೆಡ್ಡು, ಮಿಕ್ಸ್ಚರ್ ಇವು ಯಾವ ಹಕ್ಕಿಗೂ ಆಹಾರವಲ್ಲ. ಬದಲಿಗೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳಕ್ಕೆ ನೀರಿಟ್ಟು, ನಡುವೆ ಕಾಲೂರಲು ಒಂದು ಕಲ್ಲಿಡಿ. ದಿನವೂ ತಟ್ಟೆಯನ್ನು ಉಜ್ಜಿ ನೀರು ಬದಲಿಸಬೇಕು, ಏಕೆಂದರೆ ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ಹಂತ ತಲುಪಲು ನಿಂತ ನೀರಿನಲ್ಲಿ ಒಂದು ವಾರ ಸಾಕು. ದೊಡ್ಡ ಕುಂಡದಲ್ಲಿ ಒಂದು ದಾಸವಾಳ ಬೆಳೆಸಿದರೆ ಸೂರಕ್ಕಿ ನಾಲ್ಕನೆಯ ಮಹಡಿಗೂ ಹತ್ತಿ ಬರುತ್ತದೆ. ಎತ್ತರಕ್ಕೆ ಅದರದೇ ಲಾಭವೂ ಇದೆ. ನೆಲದ ಮೇಲಿರುವವರು ಕತ್ತೆತ್ತಿ ನೋಡುವ ಹದ್ದನ್ನು ನೀವು ಕಣ್ಣಿನ ಮಟ್ಟದಲ್ಲಿ ನೋಡಬಹುದು, ಗಾಳಿಯಲ್ಲಿ ತಿರುಗುವಾಗ ಅದು ಬಾಲವನ್ನು ಚುಕ್ಕಾಣಿಯಂತೆ ಹೇಗೆ ಓರೆ ಮಾಡುತ್ತದೆ ಎಂಬುದನ್ನು ಗಮನಿಸಬಹುದು.

ಆ್ಯಪ್‌ಗಳಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಉಚಿತವಾಗಿ ಸಿಗುತ್ತದೆ, ದನಿ ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಅದನ್ನು ಬಲ್ಲ ಗೆಳೆಯನ ಊಹೆಯೆಂದು ತಿಳಿಯಿರಿ. ಹಕ್ಕಿಯನ್ನು ಕಣ್ಣಾರೆ ಕಾಣುವವರೆಗೆ ಪಟ್ಟಿಗೆ ಸೇರಿಸಬೇಡಿ. ಭೀಮರಾಜನಂತೆ ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವ ಹಕ್ಕಿಗಳಿರುವಾಗ ಯಂತ್ರ ಏಮಾರುವುದು ಸಹಜ. ಅದೇ ಆ್ಯಪಿನಲ್ಲಿರುವ ಕೂಗನ್ನು ಜೋರಾಗಿ ನುಡಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುವವರಿದ್ದಾರೆ. ಧಾರವಾಡದ ಕನ್ನಡಿಯ ಕಥೆಯನ್ನು ಮೇಲೆ ಓದಿದ್ದೀರಿ, ಇದೂ ಅದೇ ಹಿಂಸೆ. ಎಣಿಕೆಯಲ್ಲಿ ಆಸಕ್ತಿಯಿದ್ದರೆ, 1998ರಲ್ಲಿ ಉತ್ತರ ಅಮೆರಿಕದಲ್ಲಿ ಆರಂಭವಾಗಿ 2013ರಿಂದ ಭಾರತದಲ್ಲೂ ನಡೆಯುತ್ತಿರುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಇರುತ್ತದೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು, ಕಂಡ ಹಕ್ಕಿಗಳನ್ನು ಇ-ಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸಬೇಕು. ಬಾಲ್ಕನಿಯಿಂದ ಕಂಡ ಮೂರು ಕಾಗೆ, ಎಂಟು ಪಾರಿವಾಳಗಳೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನೆ: ಯುಗಾದಿಯ ಹೊತ್ತಿಗೆ ನಮ್ಮ ಮನೆಯ ಹಿಂದೆ ಕೋಗಿಲೆ ಬೆಳಗಿನಿಂದ ಕೂಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲಿಗೆ ಹೋಗುತ್ತದೆ?
— ಎಂಟನೆಯ ತರಗತಿಯ ವಿದ್ಯಾರ್ಥಿನಿ, ಹಾಸನ

ಉತ್ತರ: ಎಲ್ಲಿಗೂ ಹೋಗುವುದಿಲ್ಲ ಪುಟ್ಟಿ, ಸುಮ್ಮನಾಗುತ್ತದೆ. ನಿನ್ನ ಮನೆಯ ಹಿಂದಿನ ಮರದಲ್ಲೇ ಹಣ್ಣು ತಿಂದುಕೊಂಡು ಇರುತ್ತದೆ. ಕೂಗದ ಕೋಗಿಲೆಯನ್ನು ನಾವು ಹುಡುಕುವುದಿಲ್ಲ, ಅಷ್ಟೆ. ಕುಹೂ ಎಂದು ಕೂಗುವುದು ಗಂಡು. ಅದರ ಮೈ ಹೊಳೆಯುವ ಕಪ್ಪು, ಕಣ್ಣು ಕೆಂಪು. ಹೆಣ್ಣಿನ ಮೈ ಕಂದು, ಅದರ ತುಂಬ ಬಿಳಿಯ ಚುಕ್ಕೆ ಪಟ್ಟೆಗಳು. ಅದು ಕಿಕ್ ಕಿಕ್ ಕಿಕ್ ಎಂದು ಬೇರೆಯೇ ದನಿ ಮಾಡುತ್ತದೆ. ಎರಡೂ ಒಂದೇ ಜಾತಿ ಎಂದು ತಿಳಿಯದೆ ನಾನು ನನ್ನ ಮೊದಲ ನೋಟ್‌ಬುಕ್ಕಿನಲ್ಲಿ ಹೆಣ್ಣು ಕೋಗಿಲೆಯನ್ನು 'ಅಪರೂಪದ ಚುಕ್ಕೆ ಡೇಗೆ' ಎಂದು ಬರೆದು, ದಿನಾಂಕ ಹಾಕಿ, ಅಡಿಗೆರೆಯನ್ನೂ ಎಳೆದಿದ್ದೆ. ಆ ಪುಟವನ್ನು ಹರಿದುಹಾಕಿಲ್ಲ.

ಕೋಗಿಲೆ ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆಂದು ನೀನು ಪಾಠದಲ್ಲಿ ಓದಿರಬಹುದು. ಅದನ್ನು ನೋಡಲು ಒಂದು ಉಪಾಯವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಗೆ ಕಡ್ಡಿ ಕಚ್ಚಿಕೊಂಡು ಯಾವ ಮರಕ್ಕೆ ಹೋಗುತ್ತದೆಂದು ಗುರುತಿಟ್ಟುಕೋ. ಆ ಮರದ ಬಳಿ ಕೋಗಿಲೆ ಸುಳಿದಾಡಿದರೆ ಕಾಗೆಗಳು ರೊಚ್ಚಿಗೆದ್ದು ಅಟ್ಟಿಸಿಕೊಂಡು ಹೋಗುತ್ತವೆ, ಅದು ನಿನಗೆ ಮೊದಲ ಸುಳಿವು. ಆಮೇಲೆ ಹಲವು ವಾರ ಕಳೆದು, ಕಾಗೆಯೊಂದು ತನ್ನಂತಿಲ್ಲದ, ಬಾಲ ಉದ್ದವಾದ ಮರಿಯ ತೆರೆದ ಬಾಯಿಗೆ ತುತ್ತಿಡುವುದು ಕಾಣಬಹುದು. ಕಂಡರೆ ದಿನಾಂಕ, ಹೊತ್ತು, ಮರದ ಹೆಸರನ್ನು ಬರೆದಿಟ್ಟುಕೊಂಡು ನಮಗೂ ಒಂದು ಪತ್ರ ಹಾಕು.